ಜಗಲಿಯ ಮೇಲಿನ ಸಲಹೆಗಾರ

ಸಲಹೆ ಕೊಡಬೇಕಾದರೆ ವಿಷಯ ಗೊತ್ತಿರಬೇಕು ಎಂದು ನೀವು ನಂಬಿದ್ದರೆ ನೀವು ನಮ್ಮ ಕಡೆಯವರಲ್ಲ. ನಮ್ಮ ಚನ್ನಪಟ್ಟಣದ ಸೀಮೆಯಲ್ಲಿ ಸಲಹೆ ಅನ್ನುವುದು ಕುಡಿಯುವ ನೀರಿದ್ದ ಹಾಗೆ. ಬಾಗಿಲಿಗೆ ಬಂದವರು ಕೇಳಲಿ ಬಿಡಲಿ, ಒಂದು ಚೊಂಬು ಕೊಟ್ಟೇ ಕಳಿಸುತ್ತೇವೆ. ಇಂಥ ನೆಲದಲ್ಲಿ ಹುಟ್ಟಿದ ನಾನು ಹದಿನೇಳನೇ ವಯಸ್ಸಿಗೇ ಸಲಹೆಯನ್ನು ಉದ್ಯೋಗ ಮಾಡಿಕೊಳ್ಳಲು ಹೊರಟೆ ಎಂದರೆ ಅದರಲ್ಲಿ ನನ್ನ ತಪ್ಪೇನಿಲ್ಲ. ತಪ್ಪೆಲ್ಲ ಇಂಗ್ಲಿಷ್ ಪರೀಕ್ಷೆಯದು. ಕಾಲೇಜಿನಲ್ಲಿ ನಾನು ತೆಗೆದುಕೊಂಡದ್ದು ರೇಷ್ಮೆ ಕೋರ್ಸು. ರೇಷ್ಮೆಯಲ್ಲಿ ಪಾಸಾದೆ, ಇಂಗ್ಲಿಷಿನಲ್ಲಿ ಅಂಗಾತ ಮಲಗಿದೆ. "ಹುಳ ಏನ್ ಇಂಗ್ಲಿಷಲ್ಲಿ ಮಾತಾಡ್ತವಾ, ಅಪ್ಪ?" ಎಂದು ವಾದ ಹೂಡಿದೆ. ಅಪ್ಪ ತಲೆ ಎತ್ತದೆ, "ಕುರಿನೂ ಮಾತಾಡಾಕಿಲ್ಲ. ಮಾಗಡಿಗೆ ಹೋಗು" ಅಂದ.

ಮಾಗಡಿಯಲ್ಲಿ ನನ್ನ ಸೋದರಮಾವನ ಕುರಿಮಂದೆ ಇದೆ. ಮುಂದಿನ ಸೋಮವಾರದೊಳಗೆ ನಾನೊಂದು ಕೆಲಸ ಹುಡುಕಿಕೊಳ್ಳದಿದ್ದರೆ ಮಾವನೇ ಬಂದು ನನ್ನನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಕುರಿ ಕಾಯುವುದಕ್ಕೆ ನನಗೆ ನಾಚಿಕೆಯೇನಿಲ್ಲ. ನಮ್ಮ ತಾತ ಕಾದಿದ್ದಾನೆ, ನಮ್ಮಪ್ಪನೂ ಒಸಿ ದಿನ ಕಾದಿದ್ದಾನೆ. ಆದರೆ ಕುರಿ ತಲೆ ಬಗ್ಗಿಸಿ ಮೇಯುವ ಪ್ರಾಣಿ. ಎದುರಿಗಿದ್ದವನ ಮಾತು ಕೇಳುವ ಸೌಜನ್ಯ ಅದಕ್ಕಿಲ್ಲ. ನನ್ನಂಥವನನ್ನು ಕೇಳುವವರಿಲ್ಲದ ಬಯಲಿನಲ್ಲಿ ಬಿಟ್ಟರೆ ಒಂದೇ ವಾರದಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ಸಾಯುತ್ತೇನೆ.

ಈಗ ರೇಷ್ಮೆಯ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿವೆ. ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ವಾಪಸು ಬರುವ ಬಸ್ಸಿನಲ್ಲಿ ಒಬ್ಬರಾದರೂ ಹೊಸ ರೇಡಿಯೋವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ನಮ್ಮ ಅಕ್ಕೂರಿಗೆ ನೆಂಟರು ಬಂದರೆ ಮೊದಲೆಲ್ಲ "ಚೆನ್ನಾಗಿದ್ದೀರಾ" ಅನ್ನುತ್ತಿದ್ದರು, ಈಗ "ಹುಳ ಚೆನ್ನಾಗವಾ" ಅನ್ನುತ್ತಾರೆ. ನಮ್ಮ ಮನೆಯಲ್ಲೂ ಹುಳುಗಳಿಗೆ ಮೂರು ಅಂಕಣ, ನಮಗೆ ಅಡುಗೆಮನೆ. ಇಂಥ ಹೊತ್ತಿನಲ್ಲೇ ರೇಷ್ಮೆ ಹುಳುವಿನ ಮೊಟ್ಟೆ ಮಾರುವ ಸಿದ್ದಣ್ಣ ಒಂದು ಸುದ್ದಿ ತಂದ. ಬೈರಮಂಗಲದ ದೊಡ್ಡತಾಯಮ್ಮ ಎಂಬುವರು ಭಾರಿ ಹುಳು ಸಾಕುವವರಂತೆ. "ಹುಳ ತಿಳ್ದಿರೋ ಒಬ್ಬುನ್ನ ಹುಡುಕ್ತಾವ್ರೆ ಕಣ್ಲಾ. ಸೋಮವಾರ ಹೋಗು. ಮಾತಾಡ್ಸಿ ನೋಡಿ, ಸರಿ ಹೋದ್ರೆ ಇಟ್ಕೋತಾರಂತೆ."

ಮಾತಾಡಿಸಿ ನೋಡುವುದಂತೆ. ಹಾವಿನ ಮರಿಗೆ ತೆವಳು ನೋಡೋಣ ಅಂದ ಹಾಗಾಯಿತು. ನಾನು ಅವತ್ತಿನಿಂದಲೇ ಅದನ್ನು ಇಂಟರ್‌ವ್ಯೂ ಎಂದು ಕರೆಯತೊಡಗಿದೆ, ನನ್ನನ್ನು ಸಲಹೆಗಾರ ಎಂದು ಕರೆದುಕೊಳ್ಳತೊಡಗಿದೆ. ತಯಾರಿ ಶುರುವಾಯಿತು. ಕಾಲೇಜಿನ ನೋಟ್ಸನ್ನು ಕೆಂಪು ಫೈಲಿಗೆ ಹಾಕಿದೆ. ಫೈಲು ತೆಳ್ಳಗೆ ಕಂಡಿತೆಂದು ತಂಗಿಯ ಭೂಗೋಳದ ನೋಟ್ಸನ್ನೂ ಸೇರಿಸಿದೆ. ಚಿಕ್ಕಪ್ಪನ ಮದುವೆಯ ಸಫಾರಿ ತಂದು ಹಾಕಿ ನೋಡಿದೆ. ಅದರೊಳಗೆ ನನ್ನ ಜೊತೆ ಇನ್ನೊಬ್ಬ ಸಲಹೆಗಾರನಿಗೂ ಜಾಗವಿತ್ತು. ಪಿನ್ನು ಚುಚ್ಚಿ ಹಿಂದಿನಿಂದ ಬಿಗಿ ಮಾಡಿದೆ. ಆಮೇಲೆ, ಮೊರದ ಮುಂದೆ ಕೂತು ಸೊಪ್ಪು ಹೆಚ್ಚುತ್ತಿದ್ದ ಅವ್ವನಿಗೆ, "ನೀನೇ ದೊಡ್ಡತಾಯಮ್ಮ ಅಂತ ತಿಳ್ಕೊ. ನಂಗೆ ಪ್ರಶ್ನೆ ಕೇಳು" ಅಂದೆ.

"ನಂಗೆ ಕೆಲ್ಸ ಐತೆ, ಹೋಗ್ಲಾ" ಎಂದಳು ಅವ್ವ.

"ದೊಡ್ಡತಾಯಮ್ಮ ಹಂಗನ್ನಲ್ಲ."

"ಸರಿ ಬುಡು. ಹುಳ ಸೊಪ್ಪು ಮುಟ್ತಿಲ್ಲ. ಏನ್ ಮಾಡ್ತೀಯಪ್ಪ?"

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಮೊದಲು ಕೋಣೆಯ ಶಾಖ, ಆಮೇಲೆ ತೇವ, ಅಲ್ಲಿಂದ ಗಾಳಿ, ಅಲ್ಲಿಂದ ಸೊಪ್ಪಿನಲ್ಲಿರುವ ಸತ್ವ, ಹಾಗೇ ಮುಂದುವರಿದು ರೇಷ್ಮೆ ಚೀನಾದಿಂದ ಹೊರಗೆ ಬಂದ ಬಗೆ. ಅವ್ವ ಒಂದು ಮೊರ ಸೊಪ್ಪು ಹೆಚ್ಚಿ ಮುಗಿಸಿ, ಒಳಗೆ ಹೋಗಿ ಹುಳುಗಳಿಗೆ ಹಾಕಿ, ಕೈ ತೊಳೆದು ಬಂದಳು. ನಾನಿನ್ನೂ ಚೀನಾದ ಗಡಿ ದಾಟಿರಲಿಲ್ಲ. "ನೀನು ಯೋಳಿ ಮುಗ್ಸೋ ಹೊತ್ಗೆ ಅವು ಗೂಡು ಕಟ್ಟಿರ್ತವೆ" ಎಂದಳು. ಇದನ್ನು ನಾನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಸೋಮವಾರ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಬಸ್ಸು ಹಿಡಿಯುವ ಮೊದಲು ಗೆಳೆಯ ಅಮ್ಜದನ ಮನೆಗೆ ಹೋದೆ. ಅವನ ಮನೆಯವರು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರು. ಆ ಬೇಯುವ ವಾಸನೆಯಲ್ಲೇ ಬೆಳೆದವನಾದ್ದರಿಂದ ಅಮ್ಜದನಿಗೆ ಅತ್ತರು ಇಲ್ಲದೆ ಬೀದಿಗಿಳಿಯುವುದೆಂದರೆ ಅಂಗಿ ಇಲ್ಲದೆ ಇಳಿದ ಹಾಗೆ. ನನ್ನನ್ನು ಮೂಸಿ ನೋಡಿದ. "ಅರೆ, ಪಾರ್ಟಿ ಮುಂದೆ ಹಿಂಗೆ ಬೆವ್ರು ವಾಸ್ನೇಲಿ ಹೋಯ್ತಾರೇನೋ? ತಗೋ, ನಮ್ ಮಾಮು ಶಾದೀಗೆ ತಂದಿದ್ದು. ಒಂದ್ ಬೊಟ್ಟು ಹಾಕ್ಕೊಂಡ್ರೆ ಮೂರು ದಿನ." ಅವನು ಆ ಕಡೆ ತಿರುಗಿದಾಗ ನಾನು ಲೆಕ್ಕ ಹಾಕಿದೆ, ಒಂದಕ್ಕೆ ಮೂರು ದಿನವಾದರೆ ನಾಲ್ಕಕ್ಕೆ ಕೆಲಸ ಖಾಯಂ ಆಗಬೇಕು. ಕಿವಿಯ ಹಿಂದೆ ಎರಡು, ಸಫಾರಿಯ ಎದೆಗೆ ಎರಡು ಹಾಕಿಕೊಂಡೆ. ಅದರ ಮೇಲೆ ಮುಖಕ್ಕೆ ಪೌಡರು.

ಬಸ್ಸು ಕೆಂಗಲ್ ದಾಟುವಾಗ ಎಲ್ಲರೂ ಆಂಜನೇಯನಿಗೆ ಕೈ ಮುಗಿದರು. ನನ್ನ ಪಕ್ಕದ ಅಜ್ಜ ಒಂದೇ ಕೈ ಎತ್ತಿದ, ಇನ್ನೊಂದು ಮೂಗಿನ ಮೇಲಿತ್ತು. "ಮದ್ವೆ ಯಾವೂರಲ್ಲಪ್ಪ?" ಎಂದು ಕೇಳಿದ. ಸಲಹೆ ಕೊಡಲು ಹೋಗುತ್ತಿದ್ದೇನೆ ಅಂದೆ. ಅಜ್ಜ ಮುಂದಿನ ಸ್ಟಾಪಿನಲ್ಲಿ ಎದ್ದು ಬೇರೆ ಸೀಟಿಗೆ ಹೋದ.

ಬೈರಮಂಗಲದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಉದ್ದನೆಯ ಜಗಲಿ, ಅದರ ಹಿಂದೆ ಹುಳುಮನೆ, ಬಾಗಿಲಲ್ಲಿ ಕಾಲು ಅದ್ದಿಕೊಂಡು ಒಳಗೆ ಹೋಗಲು ಬ್ಲೀಚಿಂಗ್ ಪೌಡರಿನ ನೀರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ದಪ್ಪ ಹೆಂಗಸೊಬ್ಬರು ಒಳಗಿಂದ ಬಂದರು. ನಾನು ಫೈಲನ್ನು ಎದೆಗೆ ಒತ್ತಿಕೊಂಡು, "ನಮಸ್ಕಾರ ಅಮ್ಮಾವ್ರೆ. ಅಕ್ಕೂರಿಂದ ಬಂದಿವ್ನಿ. ರೇಷ್ಮೆ ಸಲಹೆ…" ಎನ್ನುವಷ್ಟರಲ್ಲಿ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅಲ್ಲೇ ನಿಂತ್ಕೊ. ಏನ್ ಬಳ್ಕೊಂಡಿದ್ದೀಯ ಮೈಗೆ?"

ಆಗ ನನಗೆ ಜ್ಞಾನೋದಯವಾಯಿತು. ರೇಷ್ಮೆ ಹುಳುವಿಗೆ ವಾಸನೆ ಆಗುವುದಿಲ್ಲ. ಹೊಗೆ, ಊದುಬತ್ತಿ, ಪೌಡರು, ನಶ್ಯ ಯಾವುದೂ ಹತ್ತಿರ ಸುಳಿಯಬಾರದು. ಮಲ್ಲಿಗೆ ಮುಡಿದ ಸೊಸೆಯನ್ನೂ ಹುಳುಮನೆಗೆ ಬಿಡುವುದಿಲ್ಲ. ನಮ್ಮ ಕಡೆ ಇದು ನಡೆಯಲು ಕಲಿತ ಮಗುವಿಗೂ ಗೊತ್ತು. ನಾನಂತೂ ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದು ಪೂರ್ತಿ ಮಾರ್ಕು ತೆಗೆದಿದ್ದೆ. ಆ ಉತ್ತರ ಕೆಂಪು ಫೈಲಿನಲ್ಲೇ ಇತ್ತು, ಭೂಗೋಳದ ಪಕ್ಕದಲ್ಲಿ.

"ಇದಾ ನಿನ್ ತಿಳುವಳ್ಕೆ" ಎಂದರು ದೊಡ್ಡತಾಯಮ್ಮ. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ನೋವಾಯಿತು. "ನಾಲ್ಕ್ ಗಂಟೆಗೆ ಬಸ್ಸೈತೆ. ಅಲ್ಲೀಗಂಟ ಜಗಲಿ ಮ್ಯಾಲೆ ಕೂತಿರು. ಮಜ್ಗೆ ಕೊಡ್ತೀನಿ." ಇಂಟರ್‌ವ್ಯೂ ಮುಗಿದಿತ್ತು. ಐದು ದಿನದ ತಯಾರಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ನಾನು ಮಜ್ಜಿಗೆ ಕುಡಿಯುತ್ತ ಮಾಗಡಿಯ ಕುರಿಗಳ ಮುಖಗಳನ್ನು ಒಂದೊಂದಾಗಿ ನೆನೆಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕನಕಪುರದ ಕಡೆಯಿಂದ ಪುಟ್ಟೇಗೌಡರು ಎಂಬುವರು ಬಂದರು. ದೊಡ್ಡತಾಯಮ್ಮನ ನಾದಿನಿಯ ಗಂಡ. ಬೀದಿಯಿಂದಲೇ ಕೂಗು ಹಾಕಿದರು: "ತಂಗ್ಯವ್ವಾ, ನಮ್ಮನೆ ಹುಳಕ್ಕೆ ಸುಣ್ಣಕಟ್ಟು ಬಂದು ಬೆಳ್ಳಗೆ ಸೆಟ್ಕೊಂಡು ಸತ್ತೊಯ್ತಾ ಅವೆ. ಎಲ್ಲಾ ಬಾಚಿ ಎಸುದ್ಬುಟ್ಟು ಅಂಗೇ ಬಂದೆ. ನಿಮ್ಮವು ಹೆಂಗವೆ ಒಸಿ ನೋಡ್ಕೊಂಡ್ ಹೋಗಾನ ಅಂತ."

ದೊಡ್ಡತಾಯಮ್ಮನ ಮುಖ ಆ ಸತ್ತ ಹುಳುವಿಗಿಂತ ಬೆಳ್ಳಗಾಯಿತು. ಸುಣ್ಣಕಟ್ಟು ಅಂಟು ರೋಗ. ಬಟ್ಟೆಯಲ್ಲಿ, ಕಾಲಿನಲ್ಲಿ ಬರುತ್ತದೆ. ಒಳಗೆ ಹುಳುಗಳು ಇನ್ನು ವಾರದಲ್ಲಿ ಗೂಡು ಕಟ್ಟುವುದರಲ್ಲಿದ್ದವು. ಬೇಡ ಅನ್ನೋಣವೆಂದರೆ ನಾದಿನಿಯ ಗಂಡ. "ಬಾಣ್ಣ… ಕೂತ್ಕೊ… ಕಾಫಿ ಕಾಯಿಸ್ತೀನಿ" ಎನ್ನುತ್ತ ಬಾಗಿಲಿಗೆ ಅಡ್ಡ ನಿಂತರು. "ಕಾಫಿ ಆಮೇಲೆ, ಮೊದ್ಲು ಹುಳ" ಎಂದು ಪುಟ್ಟೇಗೌಡರು ಚಪ್ಪಲಿ ಬಿಟ್ಟರು.

ನಾನು ಜಾಣತನದಿಂದ ನಡುವೆ ಬಾಯಿ ಹಾಕಿದೆ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಜ ಹೇಳಿದರೆ, ಮೂರು ತಾಸಿನಿಂದ ಮಾತಿಲ್ಲದೆ ಕೂತಿದ್ದವನಿಗೆ ಸುಣ್ಣಕಟ್ಟು ಎಂಬ ಪದ ಕಿವಿಗೆ ಬಿದ್ದದ್ದೇ ಸಾಕಾಯಿತು. "ಸುಣ್ಣಕಟ್ಟಾ ಗೌಡ್ರೆ? ಯಾವ ಬಗೆದು?" ಅಂದೆ.

ಅವರು ತಿರುಗಿದರು. "ಅದ್ರಲ್ಲೂ ಬಗೆ ಅವಾ?"

"ಕೂತ್ಕೊಳಿ, ಯೋಳ್ತೀನಿ."

ಫೈಲು ಬಿಚ್ಚಿದೆ. ಮೊದಲ ಇಪ್ಪತ್ತು ನಿಮಿಷ ನೋಟ್ಸಿನಲ್ಲಿದ್ದದ್ದು. ಅಲ್ಲಿಗೆ ನೋಟ್ಸು ಮುಗಿಯಿತು, ಗೌಡರು ಕಣ್ಣರಳಿಸಿ ಕೂತಿದ್ದರು, ನಿಲ್ಲಿಸುವುದು ನನ್ನ ಕೈಲಿರಲಿಲ್ಲ. ಮುಂದಿನದೆಲ್ಲ ನನ್ನ ಸ್ವಂತದ್ದು. ಹುಳುವಿನ ತಟ್ಟೆಗಳನ್ನು ಪೂರ್ವ ಪಶ್ಚಿಮವಾಗಿಯೇ ಇಡಬೇಕು ಅಂದೆ. ಸೊಪ್ಪು ಹಾಕುವಾಗ ಅತ್ತೆ ಸೊಸೆ ಜಗಳವಾಡಿದರೆ ಹುಳು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ ಅಂದೆ. "ಅದೇ ಕಣಪ್ಪ ಆಗಿರೋದು" ಎಂದು ಗೌಡರು ತೊಡೆ ತಟ್ಟಿಕೊಂಡು, ಜೇಬಿನಿಂದ ಬೀಡಿ ಕಟ್ಟಿನ ಕಾಗದ ತೆಗೆದು ನನ್ನ ಪೆನ್ನಿನಲ್ಲೇ ಬರೆದುಕೊಂಡರು. ಕಾಫಿ ಬಂತು, ಆರಿತು. ನಾನು ಚೀನಾದ ಗಡಿ ದಾಟಿ ಜಪಾನಿಗೆ ಹೋಗುವಷ್ಟರಲ್ಲಿ ಗೌಡರು ಗಡಿಯಾರ ನೋಡಿ ಬೆಚ್ಚಿ, "ಅಯ್ಯೋ, ಬಸ್ಸು" ಎಂದು ಚಪ್ಪಲಿ ಮೆಟ್ಟಿ ಓಡಿದರು. ಅದೇ ನಾಲ್ಕು ಗಂಟೆಯ ಬಸ್ಸು. ನನ್ನದೂ ಹೋಯಿತು.

ದೊಡ್ಡತಾಯಮ್ಮ ಹೊಸ್ತಿಲಿನ ಮೇಲೆ ಕೂತು ನನ್ನನ್ನೇ ನೋಡಿದರು. "ಎಷ್ಟೊತ್ತು ಮಾತಾಡ್ದೆ, ಗೊತ್ತಾ?"

"ತಪ್ಪಾಯ್ತು ಅಮ್ಮಾವ್ರೆ."

"ಯಾಕ್ ತಪ್ಪು? ದಿನಾ ನಾಕ್ ಜನ ಬತ್ತಾರೆ ಕಣ್ ಮಗ. ನೆಂಟ್ರು, ಔಷ್ದಿಯೋರು, ಸುಮ್ಕೆ ನೋಡಾಕೆ ಬರೋರು. ಬ್ಯಾಡ ಅನ್ನಾಕೆ ನಂಗೆ ಬಾಯಿಲ್ಲ, ಒಳೀಕ್ ಬುಟ್ರೆ ಬೆಳೆ ಇಲ್ಲ. ಹುಳ ನಾನ್ ನೋಡ್ಕೋತೀನಿ. ನೀನು ನಾಳೆಯಿಂದ ಬಂದು ಜಗಲಿ ಮ್ಯಾಲೆ ಕೂತ್ಕೊ. ಬಂದೋರ್ ಕೂಡೆ ಹಿಂಗೇ ಮಾತಾಡು, ಅವ್ರು ಎದ್ದು ಹೋಗೋಗಂಟ."

ಹೀಗೆ ನಾನು ಸಲಹೆಗಾರನಾದೆ. ಮಾವ ಮಾಗಡಿಯಿಂದ ಬಂದವನು ಒಬ್ಬನೇ ವಾಪಸು ಹೋದ. ದೊಡ್ಡತಾಯಮ್ಮನ ಗೂಡು ಆ ಸಲ ಮಾರ್ಕೆಟ್ಟಿನಲ್ಲಿ ಎಲ್ಲರೂ ಮುಟ್ಟಿ ನೋಡುವಂತಿತ್ತು, "ಯಾರ ಸಲಹೆ?" ಎಂದು ಕೇಳಿದವರಿಗೆಲ್ಲ ಅವರು ನನ್ನನ್ನು ತೋರಿಸಿದರು. ಆ ಹುಳುಮನೆಯೊಳಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಆ ಊರಿನಲ್ಲಿ ನನ್ನ ಸಲಹೆ ಕೇಳಿಸಿಕೊಳ್ಳದೆ ಉಳಿದದ್ದು ಆ ಹುಳುಗಳು ಮಾತ್ರ. ಜಗಲಿಯ ಮೇಲೆ ಕೂತು ಗಮನವಿಟ್ಟು ಕೇಳಿ, ಬರೆದುಕೊಂಡು ಹೋದವರ ಮನೆಗಳಲ್ಲಿ ಬೆಳೆ ಹೇಗಾಯಿತು ಎಂದು ನಾನಿನ್ನೂ ವಿಚಾರಿಸಿಲ್ಲ. ಪುಟ್ಟೇಗೌಡರ ಕಡೆ ಹೋಗುವ ಕನಕಪುರದ ಬಸ್ಸು ಹತ್ತಲೇಬೇಕಾಗಿ ಬಂದಾಗ ಮಾತ್ರ ಕಿಟಕಿಯ ಸೀಟು ಬಿಟ್ಟು, ಡ್ರೈವರನ ಹಿಂದೆ ತಲೆ ಬಗ್ಗಿಸಿ ಕೂರುತ್ತೇನೆ.