ತಪ್ಪಿ ಹತ್ತಿದ ಹಿರೇಕೆರೂರು ಬಸ್ಸು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಹಾನಗಲ್ ಸುತ್ತಮುತ್ತ ವಯಸ್ಕರಿಗೆ ಅಕ್ಷರ ಕಲಿಸುವುದು ನನ್ನ ಕೆಲಸ. ವಯಸ್ಕರು ಎಂದರೆ ನನಗಿಂತ ದೊಡ್ಡವರು, ಆದ್ದರಿಂದ ನನ್ನ ಮಾತು ಕೇಳದವರು. ಈ ಕೆಲಸದಲ್ಲಿ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ. ಆಗಬಾರದೆಂದು ನಮಗೆ ತರಬೇತಿ ಕೊಡುತ್ತಾರೆ. ಆಮೇಲೆ ಇನ್ನೂ ಹೆಚ್ಚು ಆಗುತ್ತವೆ.

೧. ಕಲ್ಲಿನ ಶಾಸನ

ನನ್ನ ತರಗತಿ ಆಡೂರಿನಲ್ಲಿ. ದಿನವೂ ಸಂಜೆ ಚಾಪೆ ಹಾಸಿ, ಕಪ್ಪುಹಲಗೆ ನಿಲ್ಲಿಸಿ ಕಾಯುತ್ತಿದ್ದೆ. ತಪ್ಪದೆ ಬರುತ್ತಿದ್ದದ್ದು ಒಂದು ಕೋಳಿ. "ನಾನು ನೋಡಲು ಬಂದ ದಿನ ಚಾಪೆ ಖಾಲಿ ಇದ್ದರೆ ತರಗತಿ ಮುಚ್ಚುತ್ತೇನೆ" ಎಂದು ಮೇಲ್ವಿಚಾರಕರು ಪ್ರೀತಿಯಿಂದ ತಿಳಿಸಿದ್ದರು. ಕೋಳಿಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಮನೆಗೆ ಹೋಗಿ ಕರೆದೆ. ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಅಕ್ಕ ತಲೆ ಎತ್ತದೆ ಕೇಳಿದಳು: "ಮಾಸ್ತರ್ರ, ನಮ್ಮೂರ ಶಾಸನದ ಕಲ್ಲು ನೋಡೀರಿಲ್ಲ? ಅದನ್ನ ಓದಾಕ ಬರ್ತೈತೇನ್ರಿ ನಿಮಗ?"

"ಇಲ್ಲಕ್ಕಾ. ಅದು ಬಹಳ ಹಳೆಯ ಲಿಪಿ. ಅಂದರೆ ಆ ಕಾಲದಲ್ಲಿ..."

"ಓದಾಕ ಬರದಿದ್ರೂ ಹೊತ್ತಹೊತ್ತಿಗೆ ಉಣ್ಣಾಕತ್ತೀರಿಲ್ಲೋ? ನಾವೂ ಹಂಗ."

೨. ಕಣ್ಣೀರಿನ ತರಬೇತಿ

ಹಾನಗಲ್ಲಿನಲ್ಲಿ ತರಬೇತಿ ಇಟ್ಟರು. "ಪಾಠಕ್ಕಿಂತ ಮೊದಲು ನಿಮ್ಮ ಬದುಕಿನ ಕಥೆ ಹೇಳಿ, ಜನ ಕರಗಿ ಬರುತ್ತಾರೆ" ಎಂದರು ತರಬೇತಿ ಕೊಡುವವರು. ನನ್ನ ಬದುಕಿನಲ್ಲಿ ಕರಗುವಂಥದ್ದು ಇದ್ದದ್ದು ಒಂದೇ. ಸಣ್ಣವನಿದ್ದಾಗ ಅವ್ವ ನನ್ನನ್ನು ಕರೆದುಕೊಂಡು ಸವಣೂರಿಗೆ, ತನ್ನ ನಾದಿನಿಯ ಸೀಮಂತಕ್ಕೆ ಹೊರಟಿದ್ದಳು. ಬೋರ್ಡು ಓದಲು ಬರದೆ ಹಿರೇಕೆರೂರು ಬಸ್ಸು ಹತ್ತಿಬಿಟ್ಟಳು. ಇಳಿದರೆ ಬೇರೆಯೇ ಊರು! ಪುಣ್ಯಕ್ಕೆ ದೊಡ್ಡವ್ವನ, ಅಂದರೆ ಅವ್ವನ ಅಕ್ಕನ, ಮನೆ ಅಲ್ಲೇ ಇತ್ತು. ಹೇಳಿ ಮುಗಿಸುವಷ್ಟರಲ್ಲಿ ತರಬೇತಿ ಕೊಡುವವರು ಕನ್ನಡಕ ತೆಗೆದು ಒರೆಸಿದರು. ಇದೇ ಕಥೆ ಹೇಳಲು ನನ್ನನ್ನು ಬೇರೆ ತಾಲ್ಲೂಕುಗಳಿಗೂ ಕಳಿಸಿದರು.

ಶಿಗ್ಗಾಂವಿ ಕಡೆಯ ಒಂದು ಹಳ್ಳಿಯಲ್ಲಿ ಹೇಳಿದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರೊಟ್ಟಿ ಉಣಿಸಿದರು. ಅಕ್ಷರ ಕಲಿಯಲು ಒಬ್ಬರೂ ಹೆಸರು ಹಚ್ಚಲಿಲ್ಲ, ಆದರೆ ಎಲ್ಲರೂ ಕೂಡಿ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದರು. ಅವರಲ್ಲೊಬ್ಬಾಕೆ ಕಂಡಕ್ಟರನಿಗೆ ಕೈಮುಗಿದು ಹೇಳಿದಳು: "ಅಣ್ಣಾ, ಇವರನ್ನ ಹಾನಗಲ್ಲಿಗೇ ಇಳಸ್ರಿ. ಇವರ ಮನೆತನಕ್ಕ ಬಸ್ಸು ಆಗಿಬರೂದಿಲ್ಲ."

೩. ಸವಣೂರಿನ ಅಜ್ಜಿ

ಸವಣೂರಿನಲ್ಲಿ ಒಬ್ಬ ಅಜ್ಜಿ ಅಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಪೊಲೀಸರಂತೆ ವಿಚಾರಣೆಗೆ ಕುಳಿತಳು.

"ತಪ್ಪಿ ಹತ್ತಿದ ಬಸ್ಸು ನಿಮ್ಮ ದೊಡ್ಡವ್ವನ ಊರಿಗೇ ಹೋತೇನೋ ತಮ್ಮಾ?"

"ಹೌದಜ್ಜಿ, ದೇವರ ದಯೆ."

"ದೊಡ್ಡವ್ವ ಏನ ಮಾಡಿದ್ಳು?"

"ಹೋಳಿಗೆ. ಬಿಸಿಬಿಸಿ."

"ನಿಮ್ಮವ್ವನ ಚೀಲದಾಗ ಏನಿತ್ತು?"

"ಗುರೆಳ್ಳು ಚಟ್ನಿಪುಡಿ. ದೊಡ್ಡವ್ವನಿಗೆ ಅದೆಂದರೆ ಪ್ರಾಣ" ಎಂದೆ, ಹೆಮ್ಮೆಯಿಂದ.

ಅಜ್ಜಿ ಎಲೆ ಅಡಿಕೆ ಉಗುಳಿದಳು. ಆಮೇಲೆ ಪಕ್ಕದವಳಿಗೆ ಹೇಳಿದಳು: "ಇಂವಗ ಓದಾಕ ಬರ್ತೈತಂತವಾ."

ಆಕೆ ಹಾಗೇಕೆ ಅಂದಳೋ ನನಗೆ ಆಗ ತಿಳಿಯಲಿಲ್ಲ.

೪. ಅವ್ವನ ಸರದಿ

ಮೇಲ್ವಿಚಾರಕರು ಬರುವ ದಿನ ಬಂತು. ಚಾಪೆಯ ಮೇಲೆ ಕೋಳಿ ಇತ್ತು, ನಾನಿದ್ದೆ. ಅವರು ಬಂದು ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡಿದರು. ಆಗ ಓಣಿಯ ಕಡೆಯಿಂದ ಗದ್ದಲ. ಮುಂದೆ ನಮ್ಮ ಅವ್ವ, ಹಿಂದೆ ಊರ ಹೆಂಗಸರು! ನನ್ನ ಕಥೆ ಊರೂರು ಸುತ್ತಿ ಅವ್ವನ ಕಿವಿಗೆ ಬಿದ್ದಿತ್ತು. ನಾನು ವರ್ಷವಿಡೀ ಕರೆದರೂ ನನ್ನ ತರಗತಿಯ ಕಡೆ ತಲೆ ಹಾಕದ ಅವ್ವ ಅವತ್ತು ಹಾನಗಲ್ಲಿನಿಂದ ಬಂದು, "ನನ್ನ ಮಗ ನನ್ನ ಮ್ಯಾಲ ಇಲ್ಲದ್ದು ಹೇಳಾಕತ್ತಾನ, ಖರೇದ್ದು ನಾ ಹೇಳ್ತೇನಿ ಬರ್ರಿ" ಎಂದು ಮನೆಮನೆಗೆ ಸಾರಿದ್ದಳು. ಚಾಪೆ ತುಂಬಿತು. ಕೋಳಿ ಎದ್ದುಹೋಯಿತು.

"ನಾ ತಪ್ಪಿ ಹತ್ತಿಲ್ಲರಿ ಸಾಹೇಬ್ರ" ಎಂದು ಅವ್ವ ಶುರುಮಾಡಿದಳು. "ನಾದಿನಿ ಮನ್ಯಾಗ ದಿನಾ ಭಾಂಡೆ ತಿಕ್ಕೂದ ಆಕ್ಕಿತ್ತು. ಅಕ್ಕನ ಮನ್ಯಾಗ ಹೋಳಿಗಿ. ಹಿರೇಕೆರೂರು ಬಸ್ ಯಾವುದಪಾ ಅಂತ ಕಂಡಕ್ಟರನ್ನ ಕೇಳೇ ಹತ್ತೇನಿ. ತಪ್ಪಿ ಹತ್ತಿದೆ ಅಂತ ಈ ಹುಡುಗಗ ಹೇಳಿದ್ನಿ. ಇಂವಾ ಇನ್ನೂ ಅದನ್ನ ನಂಬ್ಯಾನ."

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾಲ್ಕು ತಾಲ್ಲೂಕುಗಳಲ್ಲಿ ಜನರನ್ನು ಅಳಿಸಿದ ನನ್ನ ಕಥೆ ಅಲ್ಲಿಗೆ ಮುಗಿಯಿತು. ತರಗತಿಯೂ ಮುಗಿಯಿತೆಂದುಕೊಂಡೆ. ಮೇಲ್ವಿಚಾರಕರು ಹುಬ್ಬೇರಿಸಿದರು. "ಹಂಗಾದ್ರ ಓದಾಕ ಬರದಿದ್ರೂ ನಡೀತೈತಿ ಅಂದಂಗಾತು?"

"ಎಲ್ಲಿ ನಡೀತರಿ?" ಎಂದಳು ಅವ್ವ. "ಆ ಕಂಡಕ್ಟರ ನಮ್ಮತ್ತಿ ಗುರ್ತಿನಾಂವ. ಮರುದಿನಾನ ಹೋಗಿ ಆಕಿ ಕಿವ್ಯಾಗ ಊದಿಬಿಟ್ಟ. ನನಗ ಬೋರ್ಡ್ ಓದಾಕ ಬಂದಿದ್ರ ಯಾರನ್ನೂ ಕೇಳೂದ ಇರ್ತಿರಲಿಲ್ಲ!"

ಅಕ್ಕಿ ಹಸನು ಮಾಡುತ್ತಿದ್ದ ಅದೇ ಅಕ್ಕ ಮುಂದೆ ಸರಿದು ಕುಳಿತಳು. "ಮಾಸ್ತರ್ರ, ಬಸ್ಸಿನ ಬೋರ್ಡ್ ಮೊದಲ ಕಲಸ್ರಿ. ಅ ಆ ಇ ಈ ಆಮ್ಯಾಲ ನೋಡೂಣು."

ತರಗತಿ ಉಳಿಯಿತು. ಕಥೆ ಹೇಳುವ ಕೆಲಸ ಈಗ ಅವ್ವನದು. ಕಪ್ಪುಹಲಗೆ ಹೊರುವುದು ನನ್ನದು. ಅವ್ವನಿಗೂ ಈಗ ಎಲ್ಲ ಊರಿನ ಬೋರ್ಡು ಓದಲು ಬರುತ್ತದೆ. ಇದರಿಂದ ಸಮಾಜಕ್ಕೆ ಆಗುವ ಲಾಭವನ್ನು ಬಿಡಿಸಿ ಹೇಳುವುದಾದರೆ, ಮೊದಲನೆಯದಾಗಿ...

"ಏ ತಮ್ಮಾ, ಅದನ್ನ ಆಮ್ಯಾಲ ಬರಿವಂತಿ! ನಾ ಸವಣೂರಿಗೆ ಹೊಂಟೇನಿ, ಬಸ್‌ಸ್ಟ್ಯಾಂಡ್ ತನಕ ಬಿಡು ಬಾ."

ಅವ್ವ ಕರೆಯುತ್ತಿದ್ದಾಳೆ. ಸವಣೂರಿಗಂತೆ. ಚೀಲದಿಂದ ಗುರೆಳ್ಳು ಚಟ್ನಿಪುಡಿಯ ವಾಸನೆ ಬರುತ್ತಿದೆ. ಇದರ ಅರ್ಥವೇನೆಂದರೆ