ಹುಮನಾಬಾದಿನಲ್ಲಿ ಹೀಲಿಯಂ ಹೊದ್ದು ಮಲಗಿದ ತಂತಿಯವರಿಗೆ

ಬಸವಕಲ್ಯಾಣ, ಮೇ ೨೦೦೭

ಹೆದ್ದಾರಿ ಬದಿಯ ಸ್ಕ್ಯಾನ್ ಕೇಂದ್ರದಲ್ಲಿ, ಎಂ.ಆರ್.ಐ. ಯಂತ್ರದ ಹೊಟ್ಟೆಯೊಳಗೆ ದ್ರವ ಹೀಲಿಯಂನಲ್ಲಿ ಮುಳುಗಿ ವಾಸಿಸುವ ಮಾನ್ಯ ಅತಿವಾಹಕ ತಂತಿಯವರೇ,

ತಮ್ಮ ಶೀತಲ ಸನ್ನಿಧಿಗೆ ಶಾಲಾ ಶಿಕ್ಷಕಿ ವಿದ್ಯಾವತಿಯ ಬೆಚ್ಚಗಿನ ನಮಸ್ಕಾರಗಳು. ಬೆಚ್ಚಗಿನ ಎಂಬ ಮಾತೇ ತಮಗೆ ಅಪಾಯವೆಂದು ಈಗ ಬಲ್ಲೆ, ಕ್ಷಮೆಯಿರಲಿ.

ಕಳೆದ ತಿಂಗಳು ನಮ್ಮ ಅತ್ತೆ ಸಂಗಮ್ಮನವರ ಎರಡೂ ಕಾಲು ಇದ್ದಕ್ಕಿದ್ದಂತೆ ಜೋಮು ಹಿಡಿದು, ಬೆನ್ನುಹುರಿಯ ಚಿತ್ರ ಅಂದೇ ಬೇಕೆಂದು ಡಾಕ್ಟರು ಹೇಳಿದ್ದರಿಂದ, ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ತಮ್ಮ ಬಾಗಿಲಿಗೆ ಬಂದೆವು. ಅತ್ತೆಯವರನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿದ್ದೇ ತಡ, ತಾವು ಕುಕ್ಕರಿನಂತೆ ಬುಸುಗುಟ್ಟಿ, ಛಾವಣಿಯ ಕೊಳವೆಯಿಂದ ಬಿಳಿ ಹೊಗೆ ಬಿಟ್ಟು, ರಾಜೀನಾಮೆ ಕೊಟ್ಟಿರಿ. ರಸ್ತೆಯ ಜನ ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿಬಂದರು.

ಯಂತ್ರ ನಡೆಸುವ ಅಜೀತ ಆಮೇಲೆ ಬಿಡಿಸಿ ಹೇಳಿದ. ತಾವು ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿದ್ದರಷ್ಟೇ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವಿರಂತೆ; ಎಲ್ಲೋ ಚುಕ್ಕೆಯಷ್ಟು ಜಾಗ ಬಿಸಿಯಾದರೂ ಅಲ್ಲಿ ತಡೆ ಹುಟ್ಟಿ, ತಡೆಯಿಂದ ಬಿಸಿ ಹೆಚ್ಚಿ, ಅದು ಉದ್ದಕ್ಕೂ ಹಬ್ಬುವುದಂತೆ; ತಮ್ಮ ಮೈ ಸುತ್ತಿದ ತಾಮ್ರವು, ರಜೆ ಹಾಕಿದ ಸಾಹೇಬರ ಕೆಲಸ ಹೊರುವ ಗುಮಾಸ್ತನಂತೆ, ವಿದ್ಯುತ್ತನ್ನು ತುಸು ಹೊತ್ತು ತಾನೇ ಹೊತ್ತರೂ, ತಂಪು ಮಾಡಲು ಹೀಲಿಯಂ ಸಾಲದಿದ್ದರೆ ಅದೂ ಕೈಚೆಲ್ಲುವುದಂತೆ. ಹೀಲಿಯಂ ಏಕೆ ಸಾಲಲಿಲ್ಲವೆಂದರೆ, ಕರೆಂಟು ಹೋದಾಗ ಅದನ್ನು ತಣ್ಣಗಿಡಬೇಕಾದ ಜನರೇಟರು, ಮಾಲೀಕ ಮಹಾರುದ್ರಪ್ಪನವರ ಭಾವಮೈದುನನ ಮದುವೆಗಾಗಿ, ಬೇಮಳಖೇಡದಲ್ಲಿ ಬಣ್ಣದ ದೀಪ ಉರಿಸುತ್ತಿತ್ತು. ಇಲ್ಲಿ ಹೀಲಿಯಂ ಸದ್ದಿಲ್ಲದೆ ಕುದಿದು ಆವಿಯಾಗುತ್ತಿತ್ತು.

"ತಂತಿ ಭಾಳ ನಾಜೂಕ ಅದಾವ್ರಿ ಟೀಚರ್, ನಾ ಏನ್ ಮಾಡ್ಲಿ?" ಎಂದರು ಮಹಾರುದ್ರಪ್ಪನವರು.

ಅತ್ತೆಯವರು ಮಲಗಿದಲ್ಲಿಂದಲೇ, "ಪಾಪ, ಮೊದಲ ಅದಕ್ಕ ಡಾಕ್ಟರಿಗಿ ತೋರಸ್ರಿ" ಎಂದರು.

ಅದೇ ಜೀಪಿನಲ್ಲಿ ಹೈದರಾಬಾದಿಗೆ ಹೋದೆವು. ಮರುದಿನ ಆಪರೇಶನ್ ಆಯಿತು. ಎಡಗಾಲಿಗೆ ಜೀವ ಬಂತು, ಬಲಗಾಲು ಈಗಲೂ ಎಳೆಯುತ್ತದೆ. ಇನ್ನಷ್ಟು ಬೇಗ ಏಕೆ ತರಲಿಲ್ಲವೆಂದು ಅಲ್ಲಿನ ಡಾಕ್ಟರು ಗದರಿದಾಗ, ತಮ್ಮ ಮಾನ ಕಾಯಲು, ದಾರಿಯಲ್ಲಿ ಜೀಪು ಕೆಟ್ಟಿತ್ತೆಂದು ಸುಳ್ಳು ಹೇಳಿದೆ.

ಆದುದರಿಂದ ತಾವು ದಯಮಾಡಿ ನಮ್ಮ ಏಪ್ರಿಲ್ ಬಿಸಿಲಿಗೂ, ಬಂದು ಹೋಗುವ ಕರೆಂಟಿಗೂ, ಮಾಲೀಕರ ನೆಂಟಸ್ತಿಕೆಗೂ ಹೊಂದಿಕೊಳ್ಳುವುದನ್ನು ಕಲಿಯಬೇಕು. ಸಾಧ್ಯವಾಗದಿದ್ದರೆ, ಮದುವೆಯ ತಿಥಿಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಬಿಸಿಯಾಗಬೇಕಾಗಿ ವಿನಂತಿ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ವಿದ್ಯಾವತಿ

ತಾ.ಕ.: ಮಹಾರುದ್ರಪ್ಪನವರು ಬಸವಕಲ್ಯಾಣದಲ್ಲಿ ಹೃದಯದ ಆಸ್ಪತ್ರೆ ತೆರೆಯುವರಂತೆ. ಹೃದಯ ಅಷ್ಟೇನೂ ನಾಜೂಕಿನದಲ್ಲವೆಂದು ಅವರಿಗೆ ಯಾರೋ ಭರವಸೆ ಕೊಟ್ಟಿರಬೇಕು.