ಸೋಮವಾರದ ಫೋಟೋ

ಹಿಂದಿನ ವರ್ಷದ ಗಣಪತಿ ಹಬ್ಬದಲ್ಲಿ ಸಂಗಮನಾಥ ಮಾಸ್ತರರು ತಪ್ಪು ಕುರ್ಚಿಯಲ್ಲಿ ಕೂತರು. ನಾಸಿಕ್‌ನ ಅವರ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಪಕ್ಕದ ಮನೆಯ ಮಂಗಲಾತಾಯಿಯ ಭಜನಿ ಮಂಡಳ ಹಾಡುತ್ತಿತ್ತು. ನೇರಳೆ ಸೀರೆ ಉಟ್ಟ ಅಷ್ಟೂ ಹೆಂಗಸರ ಎದುರಿಗೆ ಖಾಲಿ ಇದ್ದದ್ದು ಅದೊಂದೇ ಕುರ್ಚಿ. ಯಾರೋ ಫೋಟೋ ತೆಗೆದರು. ಹಣೆ ತುಂಬ ವಿಭೂತಿ ಧರಿಸಿದ ಮಾಸ್ತರರು ಆ ಗಳಿಗೆಯಲ್ಲಿ ಆಕಳಿಸಲು ಬಾಯಿ ತೆರೆದಿದ್ದರು. ಫೋಟೋ ನೋಡಿದವರಿಗೆ ಅದು ಉಪದೇಶದಂತೆ ಕಂಡಿತು.

ಆ ದಿನ ಸೋಮವಾರವಾಗಿತ್ತು. ಪ್ರತಿ ಸೋಮವಾರ ತಮ್ಮ ಸಭೆಯ ಫೋಟೋ ಕಳಿಸಬೇಕೆಂಬುದು ಅನುಭಾವ ಪ್ರಸಾರ ಪರಿಷತ್ತಿನ ನಿಯಮ. ನಿವೃತ್ತ ಗಂಡಹೆಂಡಿರನ್ನು ಆರಿಸಿ, ‘ಜ್ಯೇಷ್ಠ ಸೇವಾ ದಂಪತಿ’ ಎಂದು ಶಾಲು ಹೊದಿಸಿ, ಹೊರನಾಡಿನ ಕನ್ನಡ ಶರಣರನ್ನು ಎಚ್ಚರಿಸಲು ಎರಡು ವರ್ಷದ ಮಟ್ಟಿಗೆ ಕಳಿಸುವುದು ಪರಿಷತ್ತಿನ ಕೆಲಸ. ಈ ಯೋಜನೆಯನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ಆ ದಂಪತಿಗಳ ಸೊಸೆಯಂದಿರು.

ಹುಮನಾಬಾದಿನ ನಿವೃತ್ತ ಹೆಡ್‌ಮಾಸ್ತರರಾದ ಸಂಗಮನಾಥರು ಅಮೆರಿಕ ಕೇಳಿದ್ದರು. ಅಮೆರಿಕ ಚಿದಂಬರ ದಂಪತಿಗೆ ಹೋಯಿತು. ಸಂಗಮನಾಥರಿಗೂ ಅವರ ಹೆಂಡತಿ ಗುಣವತಿಗೂ ನಾಸಿಕ್ ಸಿಕ್ಕಿತು. ಇನ್ನೊಂದು ಜೋಡಿಯನ್ನು ಕಾರ್ಯಕಾರಿ ಸಮಿತಿ ನಕಾಶೆಯಲ್ಲಿ ಹೆಸರು ನೋಡಿ ಖುಷಿಯಾಗಿ ಮಹಾರಾಷ್ಟ್ರದ ‘ಕನ್ನಡ’ ಎಂಬ ತಾಲೂಕು ಊರಿಗೆ ಕಳಿಸಿತ್ತು. ಆ ಇಬ್ಬರು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಬಲ್ಲವರನ್ನು ಇನ್ನೂ ಹುಡುಕುತ್ತಿದ್ದರು.

ವಾಟ್ಸಾಪ್ ಗುಂಪಿನಲ್ಲಿ ಚಿದಂಬರರ ನ್ಯೂಜೆರ್ಸಿ ಫೋಟೋಗಳದ್ದೇ ರಾಜ್ಯಭಾರ. ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತ ಭಕ್ತೆಯರು, ಎಲ್ಲರ ಮೈಮೇಲೂ ದಪ್ಪ ಸ್ವೆಟರು. ಆಚೆ ಕಿಟಕಿಯಲ್ಲಿ ಹಿಮ. ಮುಂದೆ ಕೈಯೆತ್ತಿ ನಿಂತ ಚಿದಂಬರರು. ಕೊನೆಯ ಸಾಲಿನಲ್ಲಿ ಒಂದು ಹಸಿರು ಸ್ವೆಟರಿನ ಬೆನ್ನಿಗೆ ಕೆಂಪು ಗಿಳಿ ಹೆಣೆದಿತ್ತು. "ನೋಡು, ಅಮೆರಿಕದ ಗಿಳಿ," ಎಂದು ಮಾಸ್ತರರು ಅದನ್ನು ಗುಣವತಿಗೆ ಹೊಟ್ಟೆಕಿಚ್ಚಿನಿಂದ ತೋರಿಸಿದ್ದರು.

ಹೀಗಿರುವಾಗ ಅವರು ಆ ಆಕಳಿಕೆಯ ಫೋಟೋವನ್ನು ಗುಂಪಿಗೆ ಹಾಕಿದರು. "ನಾಸಿಕ್‌ನಲ್ಲಿ ಕ್ರಾಂತಿ!" ಎಂದು ಅಧ್ಯಕ್ಷರು ಬರೆದರು. ಮಾಸ್ತರರು ತಿದ್ದಬಹುದಾಗಿತ್ತು. ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಆಮೇಲೆ ಪ್ರತಿ ಸೋಮವಾರವೂ ಕ್ರಾಂತಿ ನಡೆಯಲೇಬೇಕಾಯಿತು. ಲಸಿಕೆಯ ಸಾಲು, ‘ನಗರಸೇವಕ’ರೆಂಬ ಕಾರ್ಪೊರೇಟರರ ಸಸಿ ನೆಡುವ ಸಮಾರಂಭ, ಒಮ್ಮೆ ಯಾರದೋ ಶೋಕಸಭೆ: ಎಲ್ಲಿ ನಾಲ್ಕು ಜನ ಸೇರಿದರೂ ಮಾಸ್ತರರು ಮುಂದೆ ಹೋಗಿ ಬಾಯಿ ತೆರೆದು ನಿಲ್ಲುತ್ತಿದ್ದರು.

ಸೇವೆ ಮುಗಿಯಲು ಇನ್ನೇನು ಒಂದು ವಾರವಿದೆ ಎನ್ನುವ ಏಪ್ರಿಲ್ ತಿಂಗಳ ಭಾನುವಾರ ಬೆಳಿಗ್ಗೆ ಫೋನು ಗುಂಯ್ ಎಂದಿತು. ಮಾಸ್ತರರು ಓದಿದರು. ಇನ್ನೊಮ್ಮೆ ಓದಿದರು.

"ಏನ್ರಿ, ಮಾರಿ ಯಾಕ ಹಿಂಗ್ಯಾಗ್ಯದ? ಹಲ್ಲಿನ ಸೆಟ್ ನುಂಗಿದ್ರೇನು?" ಗುಣವತಿ ಕೇಳಿದಳು.

"ಶಿವಕಾಂತ ಅವರು ಬರ್ಲತ್ತಾರ. ಇವತ್ತೇ. ಸಂಜಿಗಿ. ನಮ್ಮ ಸಭಾ ನೋಡ್ಲಿಕ್ಕ."

"ಯಾವ ಸಭಾ?"

"ಫೋಟೋದಾಗಿಂದು."

ಶಿವಕಾಂತರು ಪರಿಷತ್ತಿನ ಮಹಾರಾಷ್ಟ್ರ ಸಂಚಾಲಕರು, ಸಂಭಾಜಿನಗರದಲ್ಲಿ ಇರುವವರು. ಅವರು ಸಭೆ ಕಂಡು ಒಪ್ಪಿದರೆ ಮಾಸ್ತರರು ಊರಿಗೆ ಹೋಗಬಹುದು. ಬಸವ ಜಯಂತಿಯ ಸಮಾವೇಶದಲ್ಲಿ ವೇದಿಕೆಯ ಮೇಲೆ ಶಾಲು ಹೊದ್ದು ಕೂರಬಹುದು. ಒಪ್ಪದಿದ್ದರೆ ನಿಯಮದ ಪ್ರಕಾರ ಮರುಸೇವೆ. ಮೊದಲಿನಿಂದ, ಇದೇ ಮನೆಯಲ್ಲಿ.

"ನಾ ಟ್ರಂಕ್ ಕಟ್ಟೀನಿ," ಎಂದಳು ಗುಣವತಿ. "ಎರಡು ವರ್ಷ ಮಾತಾಡ್ಲಿಕ್ಕ ಒಂದು ನರಪಿಳ್ಳಿ ಇಲ್ದ ಇಲ್ಲಿ ಕುಂತೀನಿ. ಮರುಸೇವಾ ಅಂದ್ರ ನೀವೊಬ್ರೇ ಇರ್ರಿ. ನಾ ಹುಮನಾಬಾದಿಗಿ ಹೋಗಾಕಿ."

ಮಾಸ್ತರರು ಕಟ್ಟಡದ ಬಾಗಿಲು ಬಾಗಿಲಿಗೆ ಓಡಿದರು. ಯಾರೂ ತೆರೆಯಲಿಲ್ಲ. ಬಂದ ಹೊಸದರಲ್ಲಿ ಅವರು ಪ್ರತಿ ಮನೆಗೂ ಹೋಗಿ, "ಬರೀ ಹದಿನೈದು ನಿಮಿಷ ಕೊಡಿ, ನಿಮ್ಮ ಜೀವನವೇ ಬದಲಾಗುತ್ತದೆ," ಎಂದಿದ್ದರು. ಅದಕ್ಕೂ ಹಿಂದೆ ಇದೇ ಮಾತು ಹೇಳಿ ಒಬ್ಬ ಇಡೀ ಕಟ್ಟಡಕ್ಕೆ ಸೋಪಿನ ಪುಡಿಯ ಸ್ಕೀಮು ಕಟ್ಟಿ ಪರಾರಿಯಾಗಿದ್ದ. ಆದ್ದರಿಂದ ಮಾಸ್ತರರ ಚಪ್ಪಲಿಯ ಸದ್ದಾದರೆ ಜನ ಟಿವಿ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಉಳಿದವನು ಶಿವರಾಯ. ಕಲಬುರಗಿ ಕಡೆಯವನು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಎರಡು ವರ್ಷದಲ್ಲಿ ಮಾಸ್ತರರು ಸಂಪಾದಿಸಿದ ಏಕೈಕ ಭಕ್ತ. ಉಪದೇಶ ಶುರುವಾದರೆ ಕಣ್ಣು ಮುಚ್ಚುವವನು ಗುಣವತಿ ರೊಟ್ಟಿ, ಶೇಂಗಾ ಹಿಂಡಿ ತಂದಾಗಲೇ ತೆರೆಯುತ್ತಿದ್ದ. ಅದನ್ನು ಮಾಸ್ತರರು ಧ್ಯಾನವೆಂದು ತಿಳಿದಿದ್ದರು.

"ಚಿಂತಿ ಮಾಡಬ್ಯಾಡ್ರಿ ಸರ್," ಎಂದ ಶಿವರಾಯ ಫೋನಿನಲ್ಲಿ. "ನಮ್ಮ ಕಾರ್ಖಾನಿ ಮಂದಿ ಎಲ್ಲಾ ದಿಂಡೋರಿಗಿ ದ್ರಾಕ್ಷಿ ತೋಟ ನೋಡ್ಲಿಕ್ಕ ಹೋಗ್ಯಾರ. ಗಾಡಿ ತುಂಬ ಹೇರಕೊಂಡು ಬರ್ತೀನಿ."

ಮಧ್ಯಾಹ್ನ ಅವನು ತಂದದ್ದು ಇಬ್ಬರನ್ನು. ಅವರು ತೋಟವನ್ನು ನೋಡಿದ್ದಕ್ಕಿಂತ ಬಾಟಲಿಯಲ್ಲಿ ಕುಡಿದದ್ದೇ ಹೆಚ್ಚೆಂದು ಬಾಗಿಲಲ್ಲೇ ಗೊತ್ತಾಯಿತು. ಒಬ್ಬ ಗುಣವತಿಯ ಕಾಲಿಗೆ ಬಿದ್ದವನು ಮೇಲೇಳಲಿಲ್ಲ. ಇನ್ನೊಬ್ಬ ಮಾಸ್ತರರನ್ನು ತಬ್ಬಿಕೊಂಡು, "ಕಾಕಾ, ನೀವು ಥೇಟ್ ನಮ್ಮಪ್ಪ," ಎಂದು ಅತ್ತ.

"ಇವ್ರನ್ನ ಕೂಡಿಸಿದ್ರ ಮರುಸೇವಾ ಅಲ್ಲ, ಜೈಲೇ ಆಗ್ತದ," ಎಂದು ಗುಣವತಿ ಇಬ್ಬರನ್ನೂ ಮಲಗುವ ಖೋಲಿಗೆ ನೂಕಿ ಚಿಲಕ ಹಾಕಿದಳು.

ಮಾಸ್ತರರು ಬಾಗಿಲು ಬಾಗಿಲಲ್ಲಿ ಮಂದಿ ಬೇಕೆಂದು ಮರಾಠಿಯಲ್ಲಿ ಕೂಗಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಮಂಗಲಾತಾಯಿ ಆಗ ಒಳಗೆ ಬಂದರು.

"ಕಾಕಾ, ಮಂದಿ ಬೇಕಂತಲ್ಲ?" ಎಂದರು ಮರಾಠಿಯಲ್ಲಿ, ಸಕ್ಕರೆ ಕಡ ಕೇಳಲು ಬಂದವರಷ್ಟು ಸಹಜವಾಗಿ. "ನನ್ನ ಮಂಡಳ ಇದೆಯಲ್ಲ! ನಗರಸೇವಕರ ಹುಟ್ಟುಹಬ್ಬ, ಬಂಗಾರದ ಅಂಗಡಿ, ಹಲ್ಲಿನ ದವಾಖಾನೆ, ಯಾವುದಕ್ಕೂ ನಾವು ಇಲ್ಲ ಅನ್ನೋದಿಲ್ಲ. ಬಂದು ಕೂರುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ, ಉಂಡು ಹೋಗುತ್ತೇವೆ. ಬಸ್ಸು ಕಳಿಸಿದರೆ ಸಂಭಾಜಿನಗರಕ್ಕೂ ಹೋಗುತ್ತೇವೆ."

"ಆದರೆ ಕನ್ನಡ ಬರಬೇಕಲ್ಲ ತಾಯಿ?"

"ಕೂರೋದಕ್ಕೆ ಭಾಷೆ ಯಾಕೆ ಕಾಕಾ? ಊಟ ಮಾತ್ರ ಸರಿಯಾಗಿರಲಿ. ನಮ್ಮ ಭಾಕರಿ ದಪ್ಪ. ಗುಣವತಿ ಕಾಕೂ ಮಾಡೋ ಖಡಕ್ ರೊಟ್ಟಿ, ಅದು ಬೇಕು."

ಊರಿಗೆಂದು ಮಾಡಿ ಕಟ್ಟಿಟ್ಟ ಖಡಕ್ ರೊಟ್ಟಿಯೆಲ್ಲ ಟ್ರಂಕಿನಲ್ಲಿತ್ತು. ಗುಣವತಿ ಗಂಡನನ್ನು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಬೇಕಾಗಿತ್ತು. ಆದರೂ ಟ್ರಂಕಿನ ಹಗ್ಗ ಬಿಚ್ಚಿದಳು.

ಸ್ವಲ್ಪ ಹೊತ್ತಿನಲ್ಲಿ ಹಾಲಿನ ತುಂಬ ನೇರಳೆ ಸೀರೆಗಳು. ಮಾಸ್ತರರು ಕೈಕಟ್ಟಿ, ಕೆಮ್ಮಿ, ನಲವತ್ತು ವರ್ಷದ ಹಳೆಯ ದನಿ ಹೊರತೆಗೆದರು. "ಎಲ್ಲಾರೂ ಹೇಳ್ರಿ: ಶರಣು ಶರಣಾರ್ಥಿ."

"ಶರಣು ಶರಣಾರ್ಥಿ!" ಒಂದೇ ಕೊರಳು. ಉಚ್ಚಾರ ಬೀದರಿನಲ್ಲಿ ಹುಟ್ಟಿದವರದಷ್ಟು ಶುದ್ಧ.

ಮಾಸ್ತರರು ಬೆಪ್ಪಾದರು. ವಿಭೂತಿಯ ಬಟ್ಟಲು ಮುಂದಿಟ್ಟರೆ ಹೇಳಿಕೊಡುವ ಮೊದಲೇ ಹೆಂಗಸರು ಮೂರು ಬೆರಳಿಂದ ಧರಿಸಿಕೊಂಡರು. ಕೈಯೆತ್ತಿದರೆ ತಲೆದೂಗಿದರು, ಇಳಿಸಿದರೆ ಕಣ್ಣು ಮುಚ್ಚಿದರು. ಹುಮನಾಬಾದಿನಲ್ಲಿ ಅವರ ಕೈಕೆಳಗೆ ಕಲಿತ ಯಾವ ಹುಡುಗನೂ ಒಮ್ಮೆ ಹೇಳಿದ್ದನ್ನು ಹೀಗೆ ಕಲಿತಿರಲಿಲ್ಲ.

"ಇಷ್ಟು ಜಲ್ದಿ ಹ್ಯಾಂಗ ಕಲತ್ರು?" ಗುಣವತಿ ಅಡಿಗೆಮನೆಯಿಂದ ಪಿಸುಗುಟ್ಟಿದಳು.

"ಕಲಿಸೋರ ಮ್ಯಾಲ ಇರ್ತದ," ಎಂದರು ಮಾಸ್ತರರು. ಅವರ ಎದೆ ಆಗಲೇ ವೇದಿಕೆಯ ಮೇಲಿತ್ತು.

ಹೇಳಿದ ಹೊತ್ತಿಗೆ ಶಿವಕಾಂತರು ಬಂದರು. ಬಿಳಿ ಜುಬ್ಬಾ, ಚಿನ್ನದ ಕಟ್ಟಿನ ಕನ್ನಡಕ, ಇತರರ ತಪ್ಪು ಹಿಡಿದೇ ಬೆಳೆದಂಥ ಹೊಟ್ಟೆ. ಹೊಸ್ತಿಲಲ್ಲಿ ಕೈಮುಗಿದು, "ಶರಣು ಶರಣಾರ್ಥಿ," ಎಂದರು.

ನೇರಳೆ ಸೀರೆಗಳೆಲ್ಲ ಒಟ್ಟಿಗೆ ತಿರುಗಿದವು. ಶಿವಕಾಂತರು ಕಾದ ಹಂಚಿನ ಮೇಲೆ ಕಾಲಿಟ್ಟವರಂತೆ ಒಂದು ಕಾಲು ಎತ್ತಿ ಹಾಗೇ ನಿಂತರು.

"ಅಗಬಾಯಿ, ಇವರೇ ನಮ್ಮ ಸಾಹೇಬರು!" ಎಂದು ಕೊನೆಯ ಸಾಲಿನ ಮುದುಕಿ ಸಖೂಬಾಯಿ ಹಲ್ಲಿಲ್ಲದ ಬಾಯಿ ಅಗಲಿಸಿದಳು. "ನಿಮ್ಮದೇ ಕಾರ್ಯಕ್ರಮ ಅಂತ ಮಂಗಲಾ ಹೇಳಲೇ ಇಲ್ಲ ನೋಡಿ. ಸ್ವೆಟರ್ ಎಲ್ಲಾ ಮನೆಯಲ್ಲೇ ಬಿಟ್ಟು ಬಂದೆವು!"

"ಸ್ವೆಟರ್?" ಎಂದರು ಮಾಸ್ತರರು.

"ಹೋದ ಮೇ ತಿಂಗಳಲ್ಲಿ ಕಾಕಾ, ಸಂಭಾಜಿನಗರದಲ್ಲಿ," ಎಂದು ಮಂಗಲಾತಾಯಿ ವಿವರಿಸಿದರು. "ಆ ಬಿಸಿಲಲ್ಲಿ ಸ್ವೆಟರ್ ಹಾಕಿ ಕೂರಿಸಿದರು. ದಿನವಿಡೀ ಫೋಟೋ. ಅದೂ ಬೆನ್ನಿನದು! ಈ ಶರಣಾರ್ಥಿ, ವಿಭೂತಿ ಎಲ್ಲಾ ಅಲ್ಲೇ ಕಲಿತದ್ದು. ಇಬ್ಬರಿಗೆ ತಲೆ ತಿರುಗಿ ಬಂತು. ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು."

ಮಾಸ್ತರರು ಫೋನು ತೆರೆದು ನ್ಯೂಜೆರ್ಸಿಯ ಫೋಟೋ ಹಿಗ್ಗಿಸಿದರು. ಸಖೂಬಾಯಿ ಭುಜದ ಮೇಲಿಂದ ಇಣುಕಿದಳು.

"ಅದೇ ನಾನು! ಗಿಳಿ ನಮ್ಮ ಮಗಳು ಹೆಣೆದದ್ದು."

ಶಿವಕಾಂತರು ಮಾಸ್ತರರ ರಟ್ಟೆ ಹಿಡಿದು ಬಾಲ್ಕನಿಗೆ ಎಳೆದೊಯ್ದರು. ಖೋಲಿಯೊಳಗಿಂದ ದಿಂಡೋರಿಯವರ ಗೊರಕೆ ಕೇಳುತ್ತಿತ್ತು.

"ಚಿದಂಬರ ಅವರಿಗಿ ವೀಸಾ ಸಿಗಲಿಲ್ಲ ಮಾಸ್ತರ್. ಅಷ್ಟರಾಗ ಸನ್ಮಾನ ಆಗಿ ಹೋಗಿತ್ತು. ಊರ ತುಂಬ ಬ್ಯಾನರ್. ಹ್ಯಾಂಗ ವಾಪಸ್ ಹೋಗ್ತಾರ? ನಮ್ಮ ಮಾಳಿಗಿ ಮ್ಯಾಲಿನ ಖೋಲ್ಯಾಗ ಇಟ್ಟೀನಿ. ಹಗಲಿ ಹೊರಗ ಬರಂಗಿಲ್ಲ. ಪಾಪ, ಅವರ ಹೆಂಡ್ತಿ ಕಮಲಾಕ್ಷಿ ಅಕ್ಕೋರಿಗಿ ಹಪ್ಪಳ ಒಣಗಿಸ್ಲಿಕ್ಕೂ ಬಿಸಲಿಲ್ಲ."

"ಕಿಟಕ್ಯಾಗಿನ ಹಿಮ?"

"ಥರ್ಮಾಕೋಲ್."

ಮಾಸ್ತರರು ಎದೆ ಸೆಟೆಸಿದರು. ಈಗ ಜುಟ್ಟು ತಮ್ಮ ಕೈಯಲ್ಲಿ! "ಇರಲಿ ಬಿಡ್ರಿ, ನಾ ಯಾರಿಗೂ ಹೇಳಂಗಿಲ್ಲ. ನಮ್ಮನ್ನ ಊರಿಗಿ ಬಿಡ್ರಿ, ಆ ಶಾಲು ಒಂದು..."

ಶಿವಕಾಂತರು ಅವರನ್ನೇ ನೋಡಿದರು. "ಊರಿಗಿ ಹೋದ್ರ ನೀವು ಒಂದಿನ ಬಾಯಿ ಬಿಡ್ತೀರಿ. ಎಲ್ಲಾ ಫೋಟೋದಾಗ ನೋಡೀನಲ್ಲ, ನಿಮ್ಮ ಬಾಯಿ ಯಾವಾಗೂ ತೆರೆದೇ ಇರ್ತದ." ಹಾಗೆನ್ನುತ್ತಲೇ ಹೆಬ್ಬೆರಳಿಂದ ಏನೋ ಟೈಪು ಮಾಡಿದರು.

ಫೋನು ಗುಂಯ್ ಎಂದಿತು. ಗುಂಪಿನಲ್ಲಿ ದಪ್ಪ ಅಕ್ಷರದಲ್ಲಿ ಬಂದಿತ್ತು: ‘ನಾಸಿಕ್ ಕ್ರಾಂತಿಯ ಶಿಲ್ಪಿ ಸಂಗಮನಾಥ ದಂಪತಿ ಲಂಡನ್ ಶಾಖೆಗೆ ಆಯ್ಕೆ! ಎರಡು ವರ್ಷ. ಈ ವಾರವೇ ಪ್ರಯಾಣ.’

"ಲಂಡನ್?" ಮಾಸ್ತರರ ದನಿ ಬೆಕ್ಕಿನ ಮರಿಯದಾಗಿತ್ತು.

"ಚಿದಂಬರ ಅವರ ಅಮೆರಿಕ ಇನ್ನೂ ಎರಡು ವರ್ಷ ಮುಂದಕ್ಕ ಹಾಕೀವಿ. ಅವರ ಬಾಜೂ ಖೋಲಿ ಖಾಲಿ ಅದ," ಎಂದರು ಶಿವಕಾಂತರು. "ಒಲ್ಲೆ ಅಂತೀರೇನು? ಹಂಗಾದ್ರ ನಿಮ್ಮ ಶೋಕಸಭಾದ ಫೋಟೋ ಅದಲ್ಲ, ಹಿಂದ ಹೆಣ ಕಾಣಸ್ತದ. ಆ ಹೆಣಕ್ಕ ಕೆಂಪು ಗೋಲ ಎಳದು ಗುಂಪಿಗಿ ಮತ್ತ ಹಾಕ್ತೀನಿ."

ಗುಂಪಿನಲ್ಲಿ ಅಭಿನಂದನೆಗಳ ಮಳೆ ಸುರಿಯುತ್ತಿತ್ತು. ಅಧ್ಯಕ್ಷರು ಐದು ವಿಮಾನ ಹಾರಿಸಿದ್ದರು. ಹುಮನಾಬಾದಿನ ನಿವೃತ್ತ ಶಿಕ್ಷಕರ ಸಂಘ ಬ್ಯಾನರ್ ಕಟ್ಟಲು ಹೊರಟಿತ್ತು. ‘ಲಂಡನ್ ನಿಮ್ಮನ್ನು ಕೈಬೀಸಿ ಕರೆಯುತ್ತಿದೆ ಗೆಳೆಯಾ’ ಎಂದು ನ್ಯೂಜೆರ್ಸಿಯಿಂದ ಚಿದಂಬರರು ಬರೆದಿದ್ದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ಇಸ್ಪೀಟಿಗೆ ಜೊತೆ ಸಿಗುವುದಿತ್ತು.

ಮಾಸ್ತರರಿಗೆ ಒಂದೇ ಆಸೆ ಉಳಿಯಿತು: ಗುಣವತಿ. ಅವಳು ಒಪ್ಪುವುದಿಲ್ಲ. ರಂಪ ಮಾಡುತ್ತಾಳೆ, ಟ್ರಂಕು ಹೊತ್ತು ಊರಿಗೆ ಹೊರಡುತ್ತಾಳೆ, ಹಿಂದೆಯೇ ತಾವೂ ಓಡಿಬಿಡಬಹುದು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಸತ್ಯವನ್ನೆಲ್ಲ ಹೇಳಿದರು: ವೀಸಾ, ಮಾಳಿಗೆ, ಥರ್ಮಾಕೋಲ್. ಗುಣವತಿ ರೊಟ್ಟಿ ಎಣಿಸುತ್ತಲೇ ಕೇಳಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಊರಿಂದ ತಂಗಿ ಲತಾ, ಮೂವತ್ತು ವರ್ಷದಿಂದ ತನ್ನ ಗಂಡನ ಕಾರು, ಬಂಗಲೆ ಹೇಳಿ ಹೇಳಿ ಅಕ್ಕನ ಕಿವಿ ತೂತು ಮಾಡಿದವಳು. ಲಂಡನ್ ಸುದ್ದಿ ಖರೆಯೇ ಎಂದು ಲತಾ ಕೇಳಿದಳು. ಗುಣವತಿಯ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಸೆರಗು ಹೆಗಲೇರಿತು.

"ಹೌದವ್ವಾ, ಲಂಡನ್ನೇ," ಎಂದಳು. "ಥಂಡಿ ಭಾಳ ಅಂತ. ನಿಮ್ಮಂಥೋರಿಗಿ ತಡಿಯಂಗಿಲ್ಲ ಬಿಡು."

ಫೋನಿಟ್ಟು, ಬಾಲ್ಕನಿಯಿಂದ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ ಶಿವಕಾಂತರನ್ನೊಮ್ಮೆ ನೋಡಿ, ದನಿ ತಗ್ಗಿಸಿ ಗಂಡನಿಗೆ ಹೇಳಿದಳು:

"ಆ ಲಂಡನ್ನಿನಾಗ ಕೂಲರ್ ಅದನೋ ಇಲ್ಲೋ, ಮೊದಲ ಅದನ್ನ ಕೇಳ್ರಿ."